ಎಷ್ಟು ಸ್ಪೀಡು ಅಂತ ಕೇಳಬೇಡಿ ಸ್ವಾಮಿ

ಇತ್ತೀಚೆಗೆ ಪುಣೆಯಲ್ಲಿ ಯಾವ ಮೈದಾನದ ಪಕ್ಕ ನಿಂತರೂ ಒಂದೇ ಪ್ರಶ್ನೆ ಕಿವಿಗೆ ಬೀಳುತ್ತೆ. "ಕಿತೀ ಸ್ಪೀಡ್ ಆಹೇ?" ನಮ್ಮವರು ಕೇಳಿದರೆ "ಎಷ್ಟ್ ಸ್ಪೀಡ್ ಬಂತು?" ಭಾಷೆ ಬೇರೆ, ಜಾಡ್ಯ ಒಂದೇ. ಟಿವಿಯವರು ಪ್ರತಿ ಎಸೆತದ ಪಕ್ಕದಲ್ಲೂ ಒಂದು ಅಂಕಿ ತೋರಿಸೋಕೆ ಶುರು ಮಾಡಿದ ಮೇಲೆ ಇದು ಮನೆಮನೆಗೂ ಬಂದಿದೆ. ಹನ್ನೆರಡು ಹದಿಮೂರು ವರ್ಷದ ಮಕ್ಕಳ ಅಪ್ಪಂದಿರು ಎಕ್ಸ್‌ಪ್ರೆಸ್‌ವೇ ಮೇಲಿನ ಪೊಲೀಸರ ಹಾಗೆ ಸ್ಪೀಡ್ ಗನ್ ಹಿಡಿದು ಬೇಲಿ ಪಕ್ಕ ನಿಂತಿರುತ್ತಾರೆ. ಅಂಕಿ ಜಾಸ್ತಿ ಬಂದರೆ ಆ ಸಂಜೆ ಮಿಸಳ್, ಕಡಿಮೆ ಬಂದರೆ ಮನೆ ತಲುಪೋವರೆಗೂ ಭಾಷಣ.

ನಾನು ಹೇಳಹೊರಟಿದ್ದು ಕ್ರಿಕೆಟ್ ಬಗ್ಗೆ ಅಲ್ಲ (ಅಲ್ಲಿಗೂ ಹೋಗದೆ ಇರೋಲ್ಲ ಬಿಡಿ), ಸಾಫ್ಟ್‌ಬಾಲ್ ಬಗ್ಗೆ. ಲಗೋರಿ, ಚಿನ್ನಿದಾಂಡು ಆಡಿ ಬೆಳೆದ ನಮ್ಮ ತಲೆಮಾರಿಗೆ ಇದು ಹೊಸದು. ಮಹಾರಾಷ್ಟ್ರದ ಶಾಲೆಗಳಲ್ಲಿ ಹಾಗಲ್ಲ, ಇಲ್ಲಿ ಹುಡುಗಿಯರು ಚೆನ್ನಾಗಿಯೇ ಆಡುತ್ತಾರೆ. ಬೇಸ್‌ಬಾಲ್‌ನ ತಂಗಿ ಅಂತ ಇಟ್ಕೊಳ್ಳಿ. ಚೆಂಡು ದೊಡ್ಡದು, ಸುತ್ತಳತೆ 12 ಇಂಚು. ಎಸೆಯುವವಳು ತೋಳನ್ನು ಗಾಳಿಗಿರಣಿಯ ಹಾಗೆ ಒಂದು ಪೂರ್ತಿ ಸುತ್ತು ತಿರುಗಿಸಿ ಸೊಂಟದ ಪಕ್ಕದಿಂದ, ಕೈ ಕೆಳಗೆ ಮಾಡಿ, ಬಿಡಬೇಕು. ಚೆಂಡು ನೆಲಕ್ಕೆ ಬೀಳೋದಿಲ್ಲ, ನೇರ ಗಾಳಿಯಲ್ಲೇ ಬರುತ್ತೆ. ಮಹಿಳೆಯರ ಆಟದಲ್ಲಿ ಎಸೆಯುವ ಜಾಗಕ್ಕೂ ಹೊಡೆಯುವ ಜಾಗಕ್ಕೂ ಇರೋ ದೂರ 43 ಅಡಿ. ಕ್ರಿಕೆಟ್‌ನಲ್ಲಿ ಕ್ರೀಸಿನಿಂದ ಕ್ರೀಸಿಗೆ 58 ಅಡಿ ಇದೆ ಅನ್ನೋದು ನೆನಪಿರಲಿ. ಹಾಗಾಗಿ ಅಂಕಿ ಚಿಕ್ಕದು ಅನಿಸಿದರೂ ಹೊಡೆಯುವವಳಿಗೆ ಯೋಚನೆ ಮಾಡೋಕೆ ಸಮಯವೇ ಇರೋಲ್ಲ.

ನಮ್ಮ ಸೊಸೈಟಿಯಲ್ಲಿ ಬೆಳಗಾವಿ ಕಡೆಯ ಒಂದು ಕುಟುಂಬ ಇದೆ. ಮಗಳು ಎಂಟನೇ ಕ್ಲಾಸು, ಶಾಲಾ ತಂಡದ ಪಿಚರ್. ಎರಡು ವರ್ಷದಿಂದ ಪಾರ್ಕಿಂಗ್ ಗೋಡೆಗೆ ಚೆಂಡು ಹೊಡೆದು ಹೊಡೆದು ಅಲ್ಲಿ ಬಣ್ಣವೇ ಎದ್ದುಹೋಗಿದೆ (ಸೊಸೈಟಿ ಸೆಕ್ರೆಟರಿಗೆ ಅದೊಂದು ಪ್ರತ್ಯೇಕ ತಲೆನೋವು). ಅವಳ ಕೋಚ್ ಕಳೆದ ದೀಪಾವಳಿ ರಜೆಯಿಂದ ಒಂದು ನಿಧಾನದ ಎಸೆತ ಕಲಿಸ್ತಾ ಇದ್ದಾರೆ. ಅದಕ್ಕೆ ಚೇಂಜ್‌ಅಪ್ ಅಂತಾರೆ. ಅಪ್ಪನಿಗೆ ಅದು ಸುತರಾಂ ಇಷ್ಟ ಇಲ್ಲ. "ಇರೋ ಸ್ಪೀಡೇ ಸಾಲದು, ಇನ್ನೂ ಕಡಿಮೆ ಮಾಡು ಅಂತ ಹೇಳಿಕೊಡೋಕೆ ಇವರಿಗೆ ಫೀ ಕೊಡಬೇಕಾ?" ಅಂತ ನನ್ನ ಹತ್ತಿರವೇ ಹೇಳಿದರು. ಅವರ ಮಾತಿಗೂ ಒಂದು ಕಾರಣ ಇದೆ. ಹಿಂದಿನ ಆಯ್ಕೆ ಶಿಬಿರವೊಂದರಲ್ಲಿ ಪಿಚರ್‌ಗಳನ್ನು ಸಾಲಾಗಿ ನಿಲ್ಲಿಸಿ, ತಲಾ ಹತ್ತು ಎಸೆತ ಹಾಕಿಸಿ, ಗನ್ ತೋರಿಸಿದ ಅತಿ ಹೆಚ್ಚಿನ ಅಂಕಿಯನ್ನು ಬರೆದುಕೊಂಡು ಕಳಿಸಿದರಂತೆ. ಎದುರಿಗೆ ಬ್ಯಾಟ್ ಹಿಡಿದವರು ಯಾರೂ ಇಲ್ಲ! ಎಸೆತ ನೋಡಿ ಯಾರಾದರೂ ತಬ್ಬಿಬ್ಬಾದರಾ ಇಲ್ಲವಾ ಅಂತ ನೋಡೋ ಪ್ರಶ್ನೆಯೇ ಬರಲಿಲ್ಲ. ಜಿಲ್ಲೆ, ರಾಜ್ಯ ಅಂತ ಮೇಲೆ ಹೋದರೆ ಹತ್ತನೇ ಕ್ಲಾಸಿನಲ್ಲಿ ಕ್ರೀಡೆಯ ಹೆಚ್ಚುವರಿ ಅಂಕ ಇದೆ, ಮುಂದೆ ಸರಕಾರಿ ನೌಕರಿಯಲ್ಲಿ ಕ್ರೀಡಾ ಮೀಸಲಾತಿಯೂ ಇದೆ. ಅಪ್ಪನಿಗೆ ಅಂಕಿಯ ಹುಚ್ಚು ಹಿಡಿಯದೆ ಇನ್ನೇನಾಗುತ್ತೆ?

ಆದರೆ ನಾನು ಬಿ.ಕಾಂ. ಮನುಷ್ಯ. ಅಂಕಿ ಅಂದಮೇಲೆ ಲೆಕ್ಕ ಹಾಕದೆ ನಿದ್ದೆ ಬರೋಲ್ಲ. ಒಂದು ಹಾಳೆ ತಗೊಂಡು ಕೂತೆ.

ಆ ಹುಡುಗಿಯ ಜೋರು ಎಸೆತ ಗಂಟೆಗೆ 70 ಕಿ.ಮೀ. ಅಂದುಕೊಳ್ಳಿ. 43 ಅಡಿ ಅಂದರೆ 13 ಮೀಟರಿಗೆ ಸ್ವಲ್ಪ ಜಾಸ್ತಿ. ಎಸೆಯುವಾಗ ಒಂದು ಹೆಜ್ಜೆ ಮುಂದೆ ಬರ್ತಾಳೆ, ಅದು ಒಂದೂವರೆ ಮೀಟರ್ ಕಳೆಯಿರಿ. ಉಳಿದ ದೂರ ಕ್ರಮಿಸೋಕೆ ಚೆಂಡಿಗೆ ಸುಮಾರು 0.60 ಸೆಕೆಂಡ್ ಬೇಕು. ಈಗ ಒಂದು ವರ್ಷ ಬೆವರು ಸುರಿಸಿ, ತೋಳು ನೋಯಿಸಿಕೊಂಡು, ವೇಗ 75ಕ್ಕೆ ಏರಿಸಿದಳು ಅನ್ನಿ. ಆಗ 0.56 ಸೆಕೆಂಡ್. ಹೊಡೆಯುವವಳಿಂದ ಕಿತ್ತುಕೊಂಡದ್ದು ಎಷ್ಟು? ಸೆಕೆಂಡಿನ ನೂರನೇ ನಾಲ್ಕು ಭಾಗ. ಅದೇ 70ರ ಜೊತೆಗೆ, ಅದೇ ಕೈಯಾಟದಲ್ಲಿ, 52 ಕಿ.ಮೀ.ನ ಒಂದು ಎಸೆತ ಸೇರಿಸಿಕೊಂಡಳು ಅನ್ನಿ. ಅದು ತಲುಪೋಕೆ 0.80 ಸೆಕೆಂಡ್. ವ್ಯತ್ಯಾಸ ನೂರನೇ ಇಪ್ಪತ್ತು! ಐದು ಪಟ್ಟು. ಬ್ಯಾಟನ್ನು ಶುರುವಿನಿಂದ ಕೊನೆವರೆಗೆ ಬೀಸಿ ಮುಗಿಸೋಕೆ ಹೆಚ್ಚುಕಡಿಮೆ ಅಷ್ಟು ಹೊತ್ತು ಸಾಕು. ಚೆಂಡು ಬರುವ ಹೊತ್ತಿಗೆ ಪಾಪ ಆ ಹುಡುಗಿ ಬೀಸಿ ಮುಗಿಸಿ ಎಡಭುಜದ ಮೇಲಿಂದ ನೋಡ್ತಿರ್ತಾಳೆ. (ಗಾಳಿಯ ತಡೆ ಲೆಕ್ಕಕ್ಕೆ ಹಿಡಿದಿಲ್ಲ, ಎಂಜಿನಿಯರುಗಳು ಕ್ಷಮಿಸಿ.)

ಯಾವ ಹೂಡಿಕೆಯಲ್ಲಿ ಆದಾಯ ಹೆಚ್ಚು ಅಂತ ನೀವೇ ಹೇಳಿ.

ಇದು ಯಾಕೆ ಹೀಗೆ ಕೆಲಸ ಮಾಡುತ್ತೆ ಅನ್ನೋದು ಬಹಳ ಸ್ವಾರಸ್ಯದ ವಿಷಯ. ಬ್ಯಾಟ್ಸ್‌ಮನ್ ಚೆಂಡನ್ನು ಕೈಯಿಂದ ಬ್ಯಾಟಿನವರೆಗೂ ನೋಡ್ತಾನೆ ಅಂತ ನಮಗೆಲ್ಲ ಕಲಿಸಿದ್ದಾರೆ. ಮೈಕೆಲ್ ಲ್ಯಾಂಡ್ ಮತ್ತು ಪೀಟರ್ ಮೆಕ್ಲೌಡ್ ಅನ್ನೋ ಇಬ್ಬರು ಬ್ರಿಟಿಷ್ ವಿಜ್ಞಾನಿಗಳು ಕ್ರಿಕೆಟ್ ಬ್ಯಾಟ್ಸ್‌ಮನ್‌ಗಳ ತಲೆಗೆ ಕ್ಯಾಮೆರಾ ಕಟ್ಟಿ ಕಣ್ಣಿನ ಚಲನೆ ಅಳೆದು 2000ದಲ್ಲಿ ಪ್ರಕಟಿಸಿದರು. ಗೊತ್ತಾದದ್ದೇನು ಅಂದರೆ, ಬ್ಯಾಟ್ಸ್‌ಮನ್ ಚೆಂಡು ಕೈ ಬಿಟ್ಟ ಕ್ಷಣ ನೋಡ್ತಾನೆ, ಆಮೇಲೆ ಅವನ ಕಣ್ಣು ಚೆಂಡಿಗಿಂತ ಮುಂಚೆಯೇ ಅದು ಬೀಳಬಹುದಾದ ಜಾಗಕ್ಕೆ ಜಿಗಿದು ಕಾಯುತ್ತೆ. ನಡುವಿನ ದಾರಿ ಅಂದಾಜು. ಸಾಫ್ಟ್‌ಬಾಲ್‌ನಲ್ಲಿ ಚೆಂಡು ಪುಟಿಯೋಲ್ಲ, ಆದರೂ ಹೊಡೆಯುವವಳು ನಂಬಿಕೊಳ್ಳೋದು ಅಂದಾಜನ್ನೇ. ಆ ಅಂದಾಜಿಗೆ ಆಧಾರ ಎಸೆಯುವವಳ ತೋಳು. ತೋಳು ಜೋರಾಗಿ ಸುತ್ತಿತು, ಚೆಂಡೂ ಜೋರಾಗಿ ಬರುತ್ತೆ ಅಂತ ದೇಹ ತೀರ್ಮಾನ ಮಾಡಿ ತೂಕವನ್ನು ಮುಂದಿನ ಕಾಲಿಗೆ ಹಾಕಿಬಿಡುತ್ತೆ. ಒಮ್ಮೆ ತೂಕ ಮುಂದೆ ಹೋಯಿತೋ, ಉಳಿದದ್ದು ಬರೀ ಕೈ. ಬರೀ ಕೈಯಲ್ಲಿ ಹೊಡೆದ ಚೆಂಡು ಎಷ್ಟು ದೂರ ಹೋದೀತು?

ನಮ್ಮ ಬ್ಯಾಂಕಿನಲ್ಲಿ ಇನ್‌ಸ್ಪೆಕ್ಷನ್ ಇರುತ್ತಲ್ಲ, ಹಾಗೆ. ಪ್ರತಿ ಸಲ ಹೇಳಿದ ದಿನವೇ ಬರುವ ಇನ್‌ಸ್ಪೆಕ್ಟರ್ ಎಷ್ಟೇ ಖಡಕ್ ಇರಲಿ, ಯಾರೂ ಹೆದರೋಲ್ಲ. ಹಿಂದಿನ ರಾತ್ರಿ ಕೂತು ಎಲ್ಲಾ ರಿಜಿಸ್ಟರ್ ಸರಿ ಮಾಡಿಟ್ಟಿರ್ತೀವಿ. ಯಾವತ್ತು ಬರ್ತಾನೋ ಗೊತ್ತಿಲ್ಲದವನು, ಸ್ವಭಾವದಲ್ಲಿ ಎಮ್ಮೆಯಷ್ಟು ಸಾಧುವಾದರೂ, ಹೊಟ್ಟೆಯಲ್ಲಿ ಚಿಟ್ಟೆ ಬಿಡ್ತಾನೆ.

ಇದಕ್ಕೆ ಸಾಕ್ಷಿ ಬೇರೆಲ್ಲೂ ಹುಡುಕಬೇಕಿಲ್ಲ, ನಮ್ಮ ಪುಣೆಯಲ್ಲೇ ಇದೆ. 2024ರ ಅಕ್ಟೋಬರ್ 24ರಿಂದ 26, ಗಹುಂಜೆ ಸ್ಟೇಡಿಯಂ, ನ್ಯೂಜಿಲೆಂಡ್ ವಿರುದ್ಧದ ಟೆಸ್ಟ್. ಮ್ಯಾಟ್ ಹೆನ್ರಿಗೆ ಗಾಯವಾಗಿ ಅವನ ಜಾಗಕ್ಕೆ ಬಂದ ಮಿಚೆಲ್ ಸ್ಯಾಂಟ್ನರ್ ಅನ್ನೋ ಎಡಗೈ ಸ್ಪಿನ್ನರ್ 53ಕ್ಕೆ 7, 104ಕ್ಕೆ 6, ಒಟ್ಟು 13 ವಿಕೆಟ್ ತಗೊಂಡು ಹೋದ. ಟೆಸ್ಟ್‌ನಲ್ಲಿ ಅದುವರೆಗೆ ಒಂದು ಇನಿಂಗ್ಸ್‌ಗೆ ಐದು ವಿಕೆಟ್ ಕೂಡ ಪಡೆಯದಿದ್ದ ಮನುಷ್ಯ! ನಮ್ಮವರು ಮೊದಲ ಇನಿಂಗ್ಸ್‌ನಲ್ಲಿ 156, ಎರಡನೆಯದರಲ್ಲಿ 245. ಸೋಲು 113 ರನ್‌ಗಳಿಂದ. 2012ರ ನಂತರ ತವರಲ್ಲಿ ಒಂದೂ ಸರಣಿ ಸೋಲದೆ ಸತತ 18 ಗೆದ್ದಿದ್ದ ಸರಪಳಿ ಪುಣೆಯಲ್ಲಿ ತುಂಡಾಯಿತು. 26ನೇ ತಾರೀಕು ನಾಲ್ಕನೇ ಶನಿವಾರ, ಬ್ಯಾಂಕಿಗೆ ರಜೆ, ನಾನೂ ಹೋಗಿದ್ದೆ. ಬಿಸಿಲಲ್ಲಿ ಕೂತು ಸೋಲು ನೋಡೋದು ಹೇಗಿರುತ್ತೆ ಅಂತ ಬೇರೆ ಹೇಳಬೇಕಿಲ್ಲ. ಆದರೆ ಆ ಮನುಷ್ಯನ ಕೆಲಸ ನೋಡಿ ನನಗೆ ಖುಷಿಯೇ ಆಯ್ತು (ಪಕ್ಕದಲ್ಲಿದ್ದವರಿಗೆ ಹೇಳಲಿಲ್ಲ, ಜೀವದ ಆಸೆ ಇದೆ). ಅದೇ ಓಟ, ಅದೇ ಭುಜ. ಒಂದು ಎಸೆತ ಸರ್ರನೆ, ಇನ್ನೊಂದು ಗಾಳಿಯಲ್ಲಿ ಅರ್ಧ ಕ್ಷಣ ತಡೆದು. ಹಿಂದಿನ ದಿನ ವಿರಾಟ್ ಕೊಹ್ಲಿಯಂಥ ಕೊಹ್ಲಿ ಒಂದು ಫುಲ್‌ಟಾಸ್‌ಗೆ ಬೌಲ್ಡ್ ಆಗಿದ್ದ, 1 ರನ್‌ಗೆ. ಗಲ್ಲಿ ಹುಡುಗರೂ ಹೊಡೆಯೋ ಚೆಂಡು ಅಂತ ಎಲ್ಲರೂ ಬೈದರು. ಅದು ತಾನು ಅಂದಾಜಿಸಿದ ಜಾಗದಲ್ಲಿ, ಅಂದಾಜಿಸಿದ ಹೊತ್ತಿಗೆ ಇರಲಿಲ್ಲ ಅನ್ನೋದು ಅವನೊಬ್ಬನಿಗೆ ಗೊತ್ತು. ಪಿಚ್ ಸ್ಪಿನ್ನಿಗೆ ನೆರವಾಗಿತ್ತು, ಒಪ್ಪಿದೆ. ವಾಷಿಂಗ್ಟನ್ ಸುಂದರ್ ಕೂಡ 11 ವಿಕೆಟ್ ತೆಗೆದ. ಆದರೆ ತನಗೆ ಕೆಲಸ ಮಾಡಿಕೊಟ್ಟದ್ದರಲ್ಲಿ ವೇಗದ ಬದಲಾವಣೆ ಮುಖ್ಯ ಅಂತ ಸ್ಯಾಂಟ್ನರ್ ಕೂಡ ಹೇಳಿಕೊಂಡ.

ಇನ್ನೂ ಹಿಂದಿನದು ಬೇಕಾದರೆ ಸ್ವಾರಗೇಟ್ ಹತ್ತಿರದ ನೆಹರೂ ಸ್ಟೇಡಿಯಂ, 1996ರ ಫೆಬ್ರವರಿ 29, ವಿಶ್ವಕಪ್. ನಾನು ಪುಣೆಗೆ ಬಂದು ಆಗಿನ್ನೂ ಎರಡು ವರ್ಷ. ಕೀನ್ಯಾ 166ಕ್ಕೆ ಆಲೌಟ್ ಅಂದಾಗ ನಮ್ಮ ಬ್ರಾಂಚಿನಲ್ಲಿ ಎಲ್ಲರೂ ಟ್ರಾನ್ಸಿಸ್ಟರ್ ಆಫ್ ಮಾಡಿದರು, ಇನ್ನೇನು ಕೇಳೋದು ಅಂತ. ಸಂಜೆ ಗೊತ್ತಾಯ್ತು, ಲಾರಾ, ರಿಚರ್ಡ್‌ಸನ್ ಇದ್ದ ವೆಸ್ಟ್ ಇಂಡೀಸ್ 93ಕ್ಕೆ ಮುಗಿದಿತ್ತು. ಬೆಂಕಿ ಉಗುಳುವ ವೇಗವನ್ನೇ ಊಟ ಮಾಡಿ ಬೆಳೆದ ಆ ದ್ವೀಪದವರಿಗೆ ಮಾರಿಸ್ ಒಡುಂಬೆಯ ನಿಧಾನದ ಆಫ್‌ಸ್ಪಿನ್ 10 ಓವರಿನಲ್ಲಿ ಕೊಟ್ಟದ್ದು ಬರೀ 15 ರನ್, ತೆಗೆದದ್ದು 3 ವಿಕೆಟ್.

ಇಲ್ಲಿ ಒಂದು ವಿಷಯ ಸ್ಪಷ್ಟ ಮಾಡಬೇಕು. ನಿಧಾನವೇ ಪ್ರಧಾನ ಅಂತ ನಮ್ಮಲ್ಲಿ ಲಾರಿ ಹಿಂದೆ ಬರೆದಿರುತ್ತೆ, ರಸ್ತೆಯಲ್ಲಿ ಅದು ಸರಿ. ಮೈದಾನದಲ್ಲಿ ನಿಧಾನ ಅನ್ನೋದು ತಾನೇ ತಾನಾಗಿ ಏನೂ ಅಲ್ಲ. ಬರೀ ನಿಧಾನ ಎಸೆದರೆ ಎರಡನೇ ಓವರಿಗೆ ಚೆಂಡು ಕಾಂಪೌಂಡ್ ಆಚೆ. ಬದಲಾವಣೆಯದ್ದೇ ಬೆಲೆ. ಅದು ಮೇಲಕ್ಕೂ ಇರಬಹುದು, ಕೆಳಕ್ಕೂ ಇರಬಹುದು. ನಮ್ಮ ಮೈಸೂರಿನ ಬಿ.ಎಸ್. ಚಂದ್ರಶೇಖರ್ ಅವರದ್ದು ಮೇಲಕ್ಕೆ. ಚಿಕ್ಕಂದಿನಲ್ಲಿ ಪೋಲಿಯೋ ತಗುಲಿ ಸಣಕಲಾದ ಬಲಗೈಯಲ್ಲಿ ಲೆಗ್‌ಸ್ಪಿನ್ ಹಾಕಿ 58 ಟೆಸ್ಟ್‌ನಲ್ಲಿ 242 ವಿಕೆಟ್ ತೆಗೆದವರು. 1971ರ ಆಗಸ್ಟ್, ಓವಲ್. ಜಾನ್ ಎಡ್ರಿಚ್ ಕ್ರೀಸಿಗೆ ಬಂದಾಗ ಚಂದ್ರ ಗೂಗ್ಲಿ ಹಾಕೋ ಯೋಚನೆಯಲ್ಲಿದ್ದರಂತೆ. ದಿಲೀಪ್ ಸರ್ದೇಸಾಯಿ "ಮಿಲ್ ರೀಫ್" ಹಾಕು ಅಂತ ಸೂಚಿಸಿದರು ಅನ್ನೋದು ಪ್ರಸಿದ್ಧ ಕಥೆ. ಮಿಲ್ ರೀಫ್ ಅನ್ನೋದು ಆ ವರ್ಷ ಇಂಗ್ಲೆಂಡಿನ ಡರ್ಬಿ ಗೆದ್ದ ಕುದುರೆ! ಕುದುರೆ ಓಡಿತು, ಎಡ್ರಿಚ್ ಬ್ಯಾಟ್ ಕೆಳಗೆ ಬರೋ ಮೊದಲೇ ಸ್ಟಂಪ್ ಹೋಗಿತ್ತು. ಚಂದ್ರಗೆ 38ಕ್ಕೆ 6, ಇಂಗ್ಲೆಂಡ್ 101ಕ್ಕೆ ಆಲೌಟ್, ಭಾರತ ಇಂಗ್ಲೆಂಡ್ ನೆಲದಲ್ಲಿ ಮೊದಲ ಸರಣಿ ಗೆದ್ದಿತು. ಈಗ ಯೋಚಿಸಿ, ಆವತ್ತು ಬೌಂಡರಿ ಪಕ್ಕ ಒಬ್ಬ ಅಪ್ಪ ಗನ್ ಹಿಡಿದು ನಿಂತಿದ್ದರೆ ಆ ಎಸೆತದ ಅಂಕಿ ಅವನಿಗೆ ಏನೂ ಅನಿಸುತ್ತಿರಲಿಲ್ಲ. ಯಾವುದೇ ಸಾಮಾನ್ಯ ವೇಗದ ಬೌಲರ್ ಅದಕ್ಕಿಂತ ಜೋರಾಗಿ ಹಾಕ್ತಾನೆ. ಎಡ್ರಿಚ್ ಅಂಥ ಸಾವಿರಾರು ಎಸೆತ ಆಡಿದ್ದ. ಆ ಕ್ಷಣಕ್ಕೆ ಅದನ್ನು ನಿರೀಕ್ಷಿಸಿರಲಿಲ್ಲ, ಅಷ್ಟೇ.

ಕರ್ನಾಟಕದವರಿಗೆ ಇದು ರಕ್ತದಲ್ಲೇ ಇದೆ ಅಂತ ಹೇಳಿದರೆ ಅತಿಯಾಗಬಹುದು, ಆದರೂ ಹೇಳ್ತೀನಿ. ಎರಪಳ್ಳಿ ಪ್ರಸನ್ನ ಅವರ ಫ್ಲೈಟ್ ಅಂದರೆ ಅದೇ ತಾನೆ, ಚೆಂಡು ಬಂತು ಅಂತ ಮುಂದೆ ಹೋದವನಿಗೆ ಅದು ಇನ್ನೂ ಬಂದಿರೋಲ್ಲ. ವೆಂಕಟೇಶ್ ಪ್ರಸಾದ್‌ಗೆ ಹೇಳಿಕೊಳ್ಳುವಂಥ ವೇಗ ಇರಲೇ ಇಲ್ಲ, ಇದ್ದದ್ದು ಲೆಗ್‌ಕಟ್ಟರ್ ಮತ್ತು ಆ ನಿಧಾನದ ಚೆಂಡು, ಏಕದಿನದಲ್ಲಿ 196 ವಿಕೆಟ್ ಬಂತು. ಪಕ್ಕದಲ್ಲಿ ಶ್ರೀನಾಥ್ ಜೋರಾಗಿ ಹಾಕ್ತಿದ್ದರೆ ಪ್ರಸಾದ್‌ದು ಇನ್ನೂ ನಿಧಾನ ಅನಿಸುತ್ತಿತ್ತು, ಅದೂ ಒಂದು ಅನುಕೂಲ. ನನಗೆ ಇವರೆಲ್ಲರಿಗಿಂತ ಪಾಠದ ಹಾಗೆ ಕಾಣೋದು ಅನಿಲ್ ಕುಂಬ್ಳೆ. ಹದಿಮೂರು ವರ್ಷ ಜೋರು ಲೆಗ್‌ಸ್ಪಿನ್ ಹಾಕಿ ಹೆಸರು ಮಾಡಿದ ಮೇಲೆ, ಒಂದೇ ಇನಿಂಗ್ಸ್‌ನ ಹತ್ತೂ ವಿಕೆಟ್ ತೆಗೆದ ಮೇಲೆ, ಮೂವತ್ತಮೂರರ ವಯಸ್ಸಿನಲ್ಲಿ 2003-04ರ ಆಸ್ಟ್ರೇಲಿಯಾ ಪ್ರವಾಸಕ್ಕೆ ಇನ್ನೂ ನಿಧಾನದ ಗೂಗ್ಲಿ ಹಿಡಿದು ಹೋದರು. ಮೂರು ಟೆಸ್ಟ್‌ನಲ್ಲಿ 24 ವಿಕೆಟ್. ಅಷ್ಟು ದೊಡ್ಡ ಮನುಷ್ಯನಿಗೆ ನಿಧಾನ ಮಾಡೋದು ಅವಮಾನ ಅನಿಸಲಿಲ್ಲ. ಎಂಟನೇ ಕ್ಲಾಸಿನ ಹುಡುಗಿಯ ಅಪ್ಪನಿಗೆ ಅನಿಸುತ್ತೆ!

ಸಾಫ್ಟ್‌ಬಾಲ್‌ಗೆ ವಾಪಸ್ ಬರ್ತೀನಿ. ಚೇಂಜ್‌ಅಪ್ ಕಲಿಯೋದು ಸೋಮಾರಿಗಳ ಕೆಲಸ ಅಲ್ಲ. ತೋಳಿನ ಸುತ್ತು ಒಂದಿಷ್ಟೂ ನಿಧಾನವಾಗಬಾರದು, ಅಲ್ಲೇ ಗುಟ್ಟು ರಟ್ಟಾಗುತ್ತೆ. ಸಾಮಾನ್ಯ ಎಸೆತದಲ್ಲಿ ಚೆಂಡು ಬೆರಳ ತುದಿಯಿಂದ, ಮಣಿಕಟ್ಟಿನ ಕೊನೆಯ ಚಿಮ್ಮುವಿಕೆಯಿಂದ ಹೊರಡುತ್ತೆ. ನಿಧಾನದ್ದಕ್ಕೆ ಆ ಚಿಮ್ಮುವಿಕೆಯನ್ನು ಕದಿಯಬೇಕು. ಕೆಲವರು ಚೆಂಡನ್ನು ಅಂಗೈಗೆ ಒತ್ತಿ ಹಿಡೀತಾರೆ, ಕೆಲವರು ಬೆರಳ ಗೆಣ್ಣು ಊರಿ ಹಿಡೀತಾರೆ, ಇನ್ನು ಕೆಲವರು ಕೈ ಮಗುಚಿ ಹಿಂಗೈ ಮುಂದಾಗಿ ಬಿಡ್ತಾರೆ. ಕ್ರಿಕೆಟ್‌ನವರೂ ಇದನ್ನೇ ಮಾಡೋದು. ನಮ್ಮ ಪಕ್ಕದ ಶ್ರೀರಾಂಪುರದ ಜಹೀರ್ ಖಾನ್ 2011ರ ವಿಶ್ವಕಪ್‌ನಲ್ಲಿ ಗೆಣ್ಣಿನ ಹಿಡಿತದ ಚೆಂಡು ಹಾಕಿ, ಕ್ವಾರ್ಟರ್ ಫೈನಲ್‌ನಲ್ಲಿ ಮೈಕ್ ಹಸ್ಸಿಯ ಸ್ಟಂಪ್ ಬೀಳಿಸಿದ್ದು ನೆನಪಿದೆಯಲ್ಲ? ಹುಡುಗಿಯರಿಗೆ ಇದು ಹೆಚ್ಚು ಕಷ್ಟ, ಯಾಕಂದರೆ ಚೆಂಡು ದೊಡ್ಡದು, ಕೈ ಚಿಕ್ಕದು. ಶುರುವಿನಲ್ಲಿ ಮೂರರಲ್ಲಿ ಎರಡು ಎಸೆತ ನೆಲಕ್ಕೆ ಬಡಿಯುತ್ತೆ ಇಲ್ಲವೇ ಕ್ಯಾಚರ್ ತಲೆ ಮೇಲೆ ಹಾರುತ್ತೆ. ಅದು ಹಾರುವಾಗ ಬೇಲಿ ಪಕ್ಕದಿಂದ "ನೋಡು, ನಾನು ಹೇಳಲಿಲ್ವಾ" ಅನ್ನೋ ಧ್ವನಿ ಬಂದರೆ ಆ ಮಗು ಮತ್ತೆ ಅದನ್ನು ಹಾಕುತ್ತಾ?

ವೇಗ ಬೇಡ ಅಂತ ನಾನು ಹೇಳ್ತಿಲ್ಲ. ಜೋರು ಎಸೆತದ ಭಯ ಇಲ್ಲದಿದ್ದರೆ ನಿಧಾನದ್ದಕ್ಕೆ ಕಿಮ್ಮತ್ತಿಲ್ಲ. ಜಪಾನಿನ ಯುಕಿಕೊ ಉಎನೊ ಗಂಟೆಗೆ 120 ಕಿ.ಮೀ. ಹತ್ತಿರ ಎಸೆಯುತ್ತಿದ್ದವಳು. ಅವಳ ಚೇಂಜ್‌ಅಪ್ ಹೊಡೆಯೋದು ಕಷ್ಟವಾಗಿದ್ದು ಆ ವೇಗದ ದೆಸೆಯಿಂದಲೇ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಎರಡು ದಿನದಲ್ಲಿ 413 ಎಸೆತ ಹಾಕಿ, ಫೈನಲ್‌ನಲ್ಲಿ ಅಮೆರಿಕವನ್ನು 3-1ರಿಂದ ಸೋಲಿಸಿದಳು. 2021ರಲ್ಲಿ ಟೋಕಿಯೊದಲ್ಲಿ, ಮೂವತ್ತೊಂಬತ್ತನೇ ವಯಸ್ಸಲ್ಲಿ, ಮತ್ತೆ ಚಿನ್ನ. ಆ 413ರ ಕಥೆಯನ್ನು ನಮ್ಮ ಅಪ್ಪಂದಿರು ಮಕ್ಕಳಿಗೆ ಸ್ಫೂರ್ತಿ ಅಂತ ಹೇಳ್ತಾರೆ. ಅವಳಾಗ ಇಪ್ಪತ್ತಾರರ ವೃತ್ತಿಪರ ಆಟಗಾರ್ತಿ. ಹದಿಮೂರರ ಭುಜ ಬೇರೆ. ನಮ್ಮ ಶಾಲಾ ತಂಡಗಳಲ್ಲಿ ಇರೋದು ಒಬ್ಬಳೋ ಇಬ್ಬರೋ ಪಿಚರ್, ಪಂದ್ಯ ಪೂರ್ತಿ ಅವಳೇ ಎಳೀಬೇಕು. ಬರೀ ವೇಗದ ಮೇಲೆ ಎಳೆದರೆ ಏಳನೇ ಇನಿಂಗ್ಸ್‌ಗೆ ತೋಳಲ್ಲಿ ಏನೂ ಉಳಿದಿರೋಲ್ಲ, ಎದುರಿನವರಿಗೂ ಆ ಒಂದೇ ವೇಗ ಅಭ್ಯಾಸ ಆಗಿರುತ್ತೆ. ಹತ್ತನೇ ಕ್ಲಾಸಿಗೆ ಬರೋ ಹೊತ್ತಿಗೆ ಭುಜ ನೋವು ಅಂತ ಆಟ ಬಿಟ್ಟ ಹುಡುಗಿಯರನ್ನು ನಮ್ಮ ಸುತ್ತಮುತ್ತಲೇ ಇಬ್ಬರನ್ನು ನೋಡಿದ್ದೀನಿ. ಆ ಹೆಚ್ಚುವರಿ ಅಂಕವೂ ಇಲ್ಲ, ಆಟವೂ ಇಲ್ಲ.

ಅಪ್ಪಂದಿರು ಗನ್ ಮನೆಯಲ್ಲಿಟ್ಟು ಬರಲಿ ಅಂದರೆ ಕೇಳೋಲ್ಲ, ಗೊತ್ತು. ಆರೇಳು ಸಾವಿರ ಕೊಟ್ಟು ತಂದಿರ್ತಾರೆ. ಹಾಗಾದರೆ ಒಂದು ಕೆಲಸ ಮಾಡಿ. ಅತಿ ಹೆಚ್ಚಿನ ಅಂಕಿಯ ಜೊತೆಗೆ ಅತಿ ಕಡಿಮೆಯದ್ದನ್ನೂ ಬರೆದುಕೊಳ್ಳಿ, ಎರಡರ ನಡುವಿನ ವ್ಯತ್ಯಾಸಕ್ಕೆ ಮಿಸಳ್ ಕೊಡಿಸಿ. ಆಮೇಲೆ ಮೊಬೈಲಲ್ಲಿ ವಿಡಿಯೊ ತೆಗೆದು ಎರಡು ಎಸೆತಗಳನ್ನು ಪಕ್ಕಪಕ್ಕ ನೋಡಿ, ಚೆಂಡು ಕೈ ಬಿಡೋವರೆಗೂ ಯಾವುದು ಯಾವುದು ಅಂತ ನಿಮಗೇ ಗೊತ್ತಾಗದಿದ್ದರೆ ಮಗಳು ಗೆದ್ದ ಹಾಗೆ. ಗನ್ನಿನಿಂದ ಇಂಥ ಕೆಲಸವೂ ಆಗುತ್ತೆ.

ಆಯ್ಕೆ ಮಾಡುವವರಿಗೆ ನನ್ನದು ಇನ್ನೂ ಸಣ್ಣ ಕೋರಿಕೆ. ಟ್ರಯಲ್ ದಿನ ಪಿಚರ್ ಎದುರಿಗೆ ಬ್ಯಾಟ್ ಹಿಡಿದ ಒಬ್ಬರನ್ನು ನಿಲ್ಲಿಸಿ. ಎಷ್ಟು ಸಲ ಬ್ಯಾಟು ಗಾಳಿಗೆ ಹೋಯ್ತು, ಎಷ್ಟು ಸಲ ಚೆಂಡು ಸತ್ತ ಹಾಗೆ ಕಾಲ ಬುಡದಲ್ಲಿ ಬಿತ್ತು ಅಂತ ಬರೆದುಕೊಳ್ಳಿ. ನಿಮ್ಮ ಹಾಳೆಯಲ್ಲಿ ಈಗ ಹೆಸರು, ಶಾಲೆ, ವೇಗ ಅಂತ ಮೂರು ಕಾಲಂ ಇದೆ. ನಾಲ್ಕನೆಯದು ಒಂದು ಹಾಕಬೇಕು. ಗೆರೆ ಎಳೆಯೋಕೆ ಸ್ಕೇಲ್ ಇಲ್ಲದಿದ್ದರೆ ಹೇಳಿ, ನಮ್ಮ ಬ್ರಾಂಚಿನಿಂದ ಕಳಿಸಿಕೊಡ್ತೀನಿ.